ಆಕಾಶದಿಂದ ಕಂಡ ಬಂಗಲೆ: ಇಂಗ್ಲೆಂಡಿನ ಎಸ್ಟೇಟ್ ಪ್ರಿಂಟನ್ನು ಓದುವುದು ಹೇಗೆ?

ಪ್ರಶ್ನೆ: ಚಿಕ್ಕಮಗಳೂರು ಕಡೆಯ ನಮ್ಮ ಕಾಫಿ ತೋಟದ ಹಳೇ ಬಂಗಲೆಯಲ್ಲಿ ದೊರೆಗಳ ಕಾಲದ್ದು ಎನ್ನುವ ಒಂದು ಚಿತ್ರ ತೂಗುಹಾಕಿದೆ. ದೊಡ್ಡ ಮನೆ, ಗೆರೆ ಎಳೆದಂತೆ ನೆಟ್ಟ ಮರಗಳು, ಕೊಳಗಳು, ಎಲ್ಲವೂ ಮೇಲಿನಿಂದ ನೋಡಿದ ಹಾಗೆ. ಅಡಿಯಲ್ಲಿ ವಾನ್‌ಸ್ಟೆಡ್, ಎಸೆಕ್ಸ್, ಸರ್ ರಿಚರ್ಡ್ ಚೈಲ್ಡ್ ಎಂಬ ಹೆಸರುಗಳಿವೆ. ಮೂಲೆಯಲ್ಲಿ 'ಕ್ನೈಫ್ ಡೆಲ್', 'ಕಿಪ್ ಸ್ಕಲ್ಪ್' ಎಂದಿದೆ. ನಡುವೆ ಮೇಲಿಂದ ಕೆಳಗೆ ಮಡಿಕೆಯ ಗೆರೆ. ಹುಲ್ಲಿಗೆ ಹಸಿರು, ಸೂರಿಗೆ ಕೆಂಪು ಬಣ್ಣ ಹಚ್ಚಿದ್ದಾರೆ. ವಿಮಾನ ಇಲ್ಲದ ಕಾಲದಲ್ಲಿ ಇದನ್ನು ಬರೆದದ್ದು ಹೇಗೆ? ಮನೆ ನಿಜಕ್ಕೂ ಹೀಗೇ ಇತ್ತೇ? ಇದು ಅಸಲಿಯೋ ನಕಲೋ? ಕಾಪಾಡುವುದು ಹೇಗೆ?

ಉತ್ತರ: ಮೂಲೆಯ ಅಕ್ಷರಗಳಿಂದಲೇ ಶುರುಮಾಡೋಣ. 'ಡೆಲ್' ಎಂದರೆ ಚಿತ್ರ ಬರೆದವನು, 'ಸ್ಕಲ್ಪ್' ಎಂದರೆ ಅದನ್ನು ತಾಮ್ರದ ತಗಡಿನ ಮೇಲೆ ಕೆತ್ತಿದವನು. ಎರಡೂ ಲ್ಯಾಟಿನ್ ಪದಗಳ ಮೊಟಕು ರೂಪ. ಲಿಯೊನಾರ್ಡ್ ಕ್ನೈಫ್ ಮತ್ತು ಯೊಹಾನೆಸ್ ಕಿಪ್ ಇಬ್ಬರೂ ಹಾಲೆಂಡಿನಿಂದ ಲಂಡನ್ನಿಗೆ ಬಂದು ನೆಲೆಸಿದವರು. ಇಂಗ್ಲೆಂಡಿನ ಅರಮನೆಗಳನ್ನೂ ಸಿರಿವಂತರ ಹಳ್ಳಿಮನೆಗಳನ್ನೂ ಹೀಗೆ ಹಕ್ಕಿನೋಟದಲ್ಲಿ ತೋರಿಸುವ ಇವರ 'ಬ್ರಿಟಾನಿಯಾ ಇಲ್ಲಸ್ಟ್ರೇಟಾ' 80 ತಗಡುಗಳ ಸಂಪುಟವಾಗಿ 1707ರ ತಾರೀಖು ಹೊತ್ತು ಹೊರಬಂತು. ಆಮೇಲೆ ಫ್ರೆಂಚ್ ಹೆಸರಿನಲ್ಲಿ ಇನ್ನಷ್ಟು ಸಂಪುಟಗಳು ಬಂದವು. ಹೊರದೇಶದವರೂ ನೋಡಲಿ ಎಂಬ ಆಸೆ ಆ ಫ್ರೆಂಚ್ ಹೆಸರಿನಲ್ಲೇ ಇದೆ.

ಈಗ ಎತ್ತರದ ವಿಷಯ. ಮನುಷ್ಯ ಬಲೂನಿನಲ್ಲಿ ಮೊದಲು ಮೇಲೇರಿದ್ದು 1783ರಲ್ಲಿ, ಹಾಗಾಗಿ ಕ್ನೈಫ್ ಈ ನೋಟವನ್ನು ಕಣ್ಣಿನಿಂದ ಕಂಡವನಲ್ಲ. ಅವನು ಅದನ್ನು ನೆಲದ ಮೇಲೆ ನಿಂತೇ ಲೆಕ್ಕ ಹಾಕಿ ಕಟ್ಟಿದ. ಮೊದಲು ತೋಟದ ಅಳತೆ. ಆಗ ಇಂಗ್ಲೆಂಡಿನಲ್ಲಿ ನೆಲ ಅಳೆಯುತ್ತಿದ್ದದ್ದು 66 ಅಡಿಯ, 100 ಕೊಂಡಿಯ ಸರಪಳಿಯಿಂದ. (ನಮ್ಮ ಗುಂಟೆಯ 33 ಅಡಿ ಆ ಸರಪಳಿಯ ಸರಿ ಅರ್ಧ. ನಿಮ್ಮ ತೋಟದ ಪಹಣಿಯಲ್ಲೂ ಅದೇ ಲೆಕ್ಕ ಕೂತಿದೆ.) ಅಳತೆಯಿಂದ ನಕ್ಷೆ ಬರೆದು ಅದರ ಮೇಲೆ ಚೌಕುಳಿ ಎಳೆಯುವುದು. ಇನ್ನೊಂದು ಹಾಳೆಯಲ್ಲಿ ದಿಗಂತದ ಗೆರೆಯನ್ನು ತೀರಾ ಮೇಲಂಚಿಗೆ ಇಟ್ಟು, ದೂರ ಹೋದಂತೆ ಕಿರಿದಾಗುವ ಚೌಕುಳಿ ಎಳೆದು, ನಕ್ಷೆಯಲ್ಲಿರುವುದನ್ನು ಒಂದೊಂದು ಚೌಕವಾಗಿ ಇದಕ್ಕೆ ದಾಟಿಸುವುದು. ರಂಗೋಲಿಯ ಚುಕ್ಕಿ ಗೊತ್ತಿದ್ದವರಿಗೆ ಇದು ಕಷ್ಟದ ಕೆಲಸ ಅನಿಸಲಾರದು. ಕೊನೆಗೆ ಅಂಗಳದಲ್ಲಿ ನಿಂತು ಬರೆದುಕೊಂಡ ಮನೆಯ ಮುಂಭಾಗವನ್ನು ತಂದು ಆ ನೆಲದ ಮೇಲೆ ಎಬ್ಬಿಸಿ ನಿಲ್ಲಿಸುವುದು.

ಎಡವಟ್ಟಾಗುವುದು ಈ ಕೊನೆಯ ಹಂತದಲ್ಲೇ. ಅಷ್ಟು ಎತ್ತರದಿಂದ ನಿಜವಾಗಿ ನೋಡಿದರೆ ಕಾಣಬೇಕಾದದ್ದು ಹೆಚ್ಚಾಗಿ ಸೂರು, ಗೋಡೆಯಲ್ಲ. ಆದರೆ ದುಡ್ಡು ಕೊಟ್ಟ ಯಜಮಾನನಿಗೆ ತನ್ನ ಬಾಗಿಲು, ಕಿಟಕಿ, ಕಂಬಗಳು ಎಣಿಸುವಂತೆ ಕಾಣಬೇಕು. ಹಾಗಾಗಿ ತೋಟ ಒಂದು ಎತ್ತರದಿಂದ, ಮನೆ ಇನ್ನೊಂದು ತಗ್ಗಿನಿಂದ ಕಂಡಂತೆ ಇರುತ್ತದೆ. ನಿಮ್ಮ ಚಿತ್ರದಲ್ಲಿ ಮನೆ ಸ್ವಲ್ಪ ಹಿಂದಕ್ಕೆ ಒರಗಿದಂತೆ, ಸುತ್ತಲಿನ ಜನರಿಗೆ ಹೋಲಿಸಿದರೆ ಅಳತೆ ಮೀರಿದಂತೆ ಕಂಡರೆ ಕಾರಣ ಇದು.

ಇದನ್ನು ಫೋಟೊ ಎಂದುಕೊಂಡು ನೋಡಿದರೆ ನಿರಾಸೆಯಾಗುತ್ತದೆ. ಲಗ್ನಪತ್ರಿಕೆ ಓದುವ ಕಣ್ಣಿನಿಂದ ನೋಡಿ. ಅಲ್ಲಿ ಯಾರ ಹೆಸರು ಎಲ್ಲಿ, ಯಾವ ಬಿರುದಿನ ಜೊತೆ, ಯಾರ ಮೊಮ್ಮಗ ಎಂಬುದೇ ಮುಖ್ಯವಾದಂತೆ ಇಲ್ಲೂ. ಅಡಿಬರಹದಲ್ಲಿ ಬರುವ 'ಸೀಟ್' ಎಂಬ ಪದಕ್ಕೆ ಬರೀ ಮನೆ ಎಂಬ ಅರ್ಥವಲ್ಲ. ತುಳುನಾಡಿನಲ್ಲಿ ಗುತ್ತಿನ ಮನೆ ಅಂದಾಗ ಮನೆತನ, ಭೂಮಿ, ಊರಿನ ಮೇಲಿನ ಹಿರಿತನ ಎಲ್ಲ ಒಟ್ಟಿಗೆ ಬರುತ್ತದಲ್ಲ, ಅದಕ್ಕೆ ಹತ್ತಿರ. ಯಜಮಾನರ ಕುಲಲಾಂಛನ ಇದ್ದರೆ ಅದರ ಜಾಗ ಸಾಮಾನ್ಯವಾಗಿ ಅಡಿಬರಹದ ಪಕ್ಕದಲ್ಲಿ ಅಥವಾ ಮೇಲಿನ ಮೂಲೆಯಲ್ಲಿ.

ಅಲ್ಲಿಂದ ಬೆರಳಿಟ್ಟು ಮೇಲಕ್ಕೆ ಹೋಗಿ. ಮುಂದಿನ ಅಂಗಳದಲ್ಲಿ ಕುದುರೆ ಗಾಡಿಯೊಂದು ಇದ್ದರೆ ಕುದುರೆಗಳನ್ನು ಎಣಿಸಿ. ಹಳ್ಳಿಯ ರಸ್ತೆಯಲ್ಲಿ ಗಾಡಿ ಎಳೆಯಲು ಎರಡೋ ನಾಲ್ಕೋ ಸಾಕು. ಆರು ಕುದುರೆ ಅಂದರೆ ಅಷ್ಟಕ್ಕೂ ಮೇವು, ಲಾಯ, ಸವಾರರು, ಸಮವಸ್ತ್ರದ ಆಳುಗಳನ್ನು ಸಾಕುವ ತಾಕತ್ತು. ಆಮೇಲೆ ಹೊಗೆಗೂಡು. ಇಂಗ್ಲೆಂಡಿನಲ್ಲಿ 1662ರಿಂದ 1689ರವರೆಗೆ ಒಂದೊಂದು ಒಲೆಗೆ ವರ್ಷಕ್ಕೆ 2 ಶಿಲಿಂಗ್ ತೆರಿಗೆ ಇತ್ತು, 1696ರಿಂದ ಕಿಟಕಿಗೆ ತೆರಿಗೆ ಬಂತು. ಆ ಕಾಲದವರ ಕಣ್ಣಿಗೆ ಹೊಗೆಯಾಡುವ ಸಾಲು ಚಿಮಣಿ, ನೂರಾರು ಕಿಟಕಿ ಅಂದರೆ ಕಟ್ಟಿದ ತೆರಿಗೆಯ ರಸೀದಿ ಇದ್ದಂತೆ.

ಮನೆಯ ಹಿಂದಿನ ಕಸೂತಿಯಂಥ ಹೂಪಾತಿಗೆ ಪಾರ್ಟೆರ್ ಎನ್ನುತ್ತಾರೆ. ಕುಳ್ಳು ಪೊದೆಯನ್ನು ಅಂಚಾಗಿ ನೆಟ್ಟು, ನಡುವೆ ಬಣ್ಣದ ಜಲ್ಲಿ, ಮರಳು ತುಂಬುವುದು. ಕತ್ತರಿ ಹಾಕದೆ ಒಂದು ವರ್ಷ ಬಿಟ್ಟರೆ ಗೆರೆ ಅಳಿಸಿಹೋಗುತ್ತದೆ. ಹುಲ್ಲನ್ನು ಕುಡುಗೋಲಿನಿಂದ ಸವರಬೇಕು, ಹಾದಿಗೆ ಕಲ್ಲಿನ ರೋಲರ್ ಎಳೆಯಬೇಕು. ಇಂಥ ಚಿತ್ರಗಳಲ್ಲಿ ಇರುವೆ ಗಾತ್ರದ ಒಬ್ಬ ಆಳು ರೋಲರ್ ಎಳೆಯುತ್ತಾ ಅಲ್ಲಲ್ಲಿ ಸಿಗುತ್ತಾನೆ. ಭೂತಗನ್ನಡಿಯಲ್ಲಿ ಹುಡುಕಿ. ಕೆಲಸದವನು ಚಿತ್ರದೊಳಗೆ ಬರುವುದು ಯಜಮಾನನ ಖರ್ಚಿನ ಬಾಬತ್ತಾಗಿ. ಅವನ ಹಳ್ಳಿ, ಅವನ ಗುಡಿಸಲು ಮರಗಳ ಹಿಂದೆ ಸರಿದಿರುತ್ತವೆ ಅಥವಾ ಇರುವುದೇ ಇಲ್ಲ. ಕಾರಂಜಿಗಳೆಲ್ಲ ಒಟ್ಟಿಗೆ ಚಿಮ್ಮುತ್ತಿರುವುದನ್ನೂ ನಂಬಬೇಡಿ. ಪಂಪಿಲ್ಲದೆ ನೀರು ಚಿಮ್ಮಬೇಕಾದರೆ ಗುಡ್ಡದ ಮೇಲೆ ತೊಟ್ಟಿ ಬೇಕು, ಕೊಳವೆಯ ತಿಕ್ಕಾಟದಲ್ಲಿ ಒತ್ತಡ ಸೋರುವುದರಿಂದ ಧಾರೆ ತೊಟ್ಟಿಯ ಎತ್ತರಕ್ಕೆ ಎಂದೂ ಏರುವುದಿಲ್ಲ, ತೊಟ್ಟಿಯೂ ಬೇಗ ಬರಿದಾಗುತ್ತದೆ. ಫ್ರಾನ್ಸಿನ ವರ್ಸೈಲ್ಸ್‌ನಲ್ಲೇ ರಾಜ ಹತ್ತಿರ ಬಂದಾಗ ಆಳುಗಳು ಸೀಟಿ ಊದಿ ಒಂದೊಂದು ಕಾರಂಜಿಯನ್ನಾಗಿ ಬಿಡುತ್ತಿದ್ದರು. ಚಿತ್ರದಲ್ಲಿ ಮಾತ್ರ ನೀರಿಗೆ ಬರವಿಲ್ಲ.

ನನ್ನ ಎಣಿಕೆಯಲ್ಲಿ ಇಡೀ ಚಿತ್ರದ ಅತಿ ದೊಡ್ಡ ಜಂಬ ಇರುವುದು ಮನೆಯಲ್ಲಲ್ಲ, ಸಾಲುಮರಗಳಲ್ಲಿ. ಲೆಕ್ಕ ಹಾಕಿ ನೋಡಿ: 30 ಅಡಿಗೊಂದರಂತೆ ಎರಡು ಸಾಲು ನೆಟ್ಟರೆ ಒಂದು ಮೈಲಿಗೆ ಸುಮಾರು 350 ಮರ. ಎರಡೂ ಬದಿಗೆ ಜೋಡಿ ಸಾಲು ಅಂದರೆ 700. ಅಂಥ ಹತ್ತು ಹಾದಿಗಳು ಮನೆಯಿಂದ ಸೂರ್ಯಕಿರಣದಂತೆ ಹೊರಟರೆ ಸಸಿ, ಗೂಟ, ಬೇಲಿ, ನೀರು ಎಲ್ಲ ಸೇರಿ ಖರ್ಚೆಷ್ಟು! ಖರ್ಚಿಗಿಂತ ಹೆಚ್ಚಿನದು ಇನ್ನೊಂದಿದೆ. ಲಿಂಡನ್ ಅಥವಾ ಎಲ್ಮ್ ಮರ ತುಂಬಿ ಬೆಳೆಯಲು ಅರ್ಧ ಶತಮಾನ ಹಿಡಿಯುತ್ತದೆ. ನೆಟ್ಟವನು ನೆರಳು ಕಾಣುವುದಿಲ್ಲ, ಮೊಮ್ಮಗ ಕಾಣುತ್ತಾನೆ. ಕೆತ್ತುವವನು ನಿನ್ನೆ ನೆಟ್ಟ ಸಸಿಗೂ ತುಂಬಿದ ಗುಂಡು ತಲೆ ಕೊಟ್ಟುಬಿಡುತ್ತಾನೆ. ಎಲ್ಲ ಮರವೂ ಒಂದೇ ಅಚ್ಚಿನಲ್ಲಿ ಒತ್ತಿದ ಲಾಡುವಿನಂತೆ ಇದ್ದರೆ, ನೀವು ನೋಡುತ್ತಿರುವುದು ಆಗ ಇದ್ದ ತೋಟವನ್ನಲ್ಲ, ಮುಂದೆ ಆಗಬೇಕೆಂದಿದ್ದ ತೋಟವನ್ನು.

ಗ್ಲಾಸ್ಟರ್‌ಶೈರಿನ ಬ್ಯಾಡ್ಮಿಂಟನ್ ಮನೆಯ ಪ್ರಿಂಟಿನಲ್ಲಿ ಈ ಹಾದಿಗಳು ನಾಲ್ಕೂ ದಿಕ್ಕಿಗೆ ಹೊರಟು ಚೌಕಟ್ಟಿನಾಚೆಗೇ ಹೋಗುತ್ತವೆ. ಅದು ಬೊಫರ್ಟ್ ಡ್ಯೂಕನ ಮನೆ. ಅವನ ನೋಟಕ್ಕೆ ಅಡ್ಡಿಯಾಗದಿರಲಿ ಎಂದು ಅಕ್ಕಪಕ್ಕದ ಜಮೀನ್ದಾರರು ತಮ್ಮ ಮರ, ಬೇಲಿ ಕಡಿದರು, ಕೆಲವರು ತಮ್ಮ ಸ್ವಂತ ಖರ್ಚಿನಲ್ಲಿ ತಮ್ಮ ಗುಡ್ಡಗಳ ಮೇಲೆ ಅವನ ಹಾದಿಯ ನೇರಕ್ಕೇ ಮರ ನೆಟ್ಟರು ಎಂದು ಆ ಕಾಲದ ವಕೀಲ, ಲೇಖಕ ರಾಜರ್ ನಾರ್ತ್ ಬರೆದಿಟ್ಟಿದ್ದಾನೆ. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎಂದು ಬರೆಯಲೇಬೇಕು. ಈ ಪ್ರಿಂಟುಗಳ ಜಾಣತನ ಚಕ್ಕುಬಂದಿ ಬರೆಯದೇ ಇರುವುದರಲ್ಲಿದೆ. ದಿಗಂತವನ್ನು ಮೇಲಂಚಿಗೆ ಒತ್ತಿ ಹಾಳೆಯ ತುಂಬ ನೆಲ ಹರಡಿದಾಗ, ಕಂಡಷ್ಟೂ ಅವರದೇ ಎಂದು ಕಣ್ಣು ತಾನೇ ತೀರ್ಮಾನಿಸುತ್ತದೆ.

ನಿಮ್ಮ ವಾನ್‌ಸ್ಟೆಡ್‌ಗೆ ಈ ಹಳೇತನದ ಸೋಗು ಬಹಳ ಬೇಕಾಗಿತ್ತು. 1673ರಲ್ಲಿ ಆ ಎಸ್ಟೇಟು ಕೊಂಡವನು ರಿಚರ್ಡನ ತಂದೆ ಜೊಸಾಯಾ ಚೈಲ್ಡ್. ವ್ಯಾಪಾರಿ, 1680ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್. ಕಂಪನಿ ಮೆಣಸು ಕೊಳ್ಳಲು ಪಶ್ಚಿಮ ಕರಾವಳಿಯಲ್ಲಿ ಇಟ್ಟಿದ್ದ ಕೋಠಿಗಳಲ್ಲಿ ನಮ್ಮ ಕಾರವಾರದ್ದೂ ಒಂದು. 1683ರಲ್ಲಿ ಆ ಕಡೆ ಹೋಗಿದ್ದ ಇಂಗ್ಲಿಷ್ ಲೇಖಕ ಜಾನ್ ಎವೆಲಿನ್, ಚೈಲ್ಡ್ ಬಂಜರು ನೆಲದಲ್ಲಿ ಅಕ್ರೋಟು ಮರಗಳಿಗೂ ಮೀನಿನ ಕೊಳಗಳಿಗೂ ಸುರಿದ ಹಣವನ್ನು ದಿನಚರಿಯಲ್ಲಿ ಗುರುತುಹಾಕಿಕೊಂಡು, ದಿಢೀರ್ ದುಡ್ಡು ಕಂಡವರು ಇಂಥ ಜಾಗದಲ್ಲೇ ಕೂರುತ್ತಾರೆ ಎಂಬರ್ಥದ ಮಾತು ಸೇರಿಸಿದ. ಅಂಥ ಕೊಂಕಿಗೆ ಮಗ ಕೊಟ್ಟ ಉತ್ತರ ಎಂದು ನಿಮ್ಮ ಪ್ರಿಂಟನ್ನು ಓದಬಹುದು: ಡ್ಯೂಕರ ಮನೆಗಳನ್ನು ಬರೆದ ಅದೇ ಕೈ, ಅದೇ ಗಾತ್ರದ ತಗಡು, ಅದೇ ನೇರ ಸಾಲುಮರ.

ಮುಂದಿನ ಕಥೆಯೂ ಪ್ರಿಂಟುಗಳಲ್ಲೇ ಸಿಗುತ್ತದೆ. ನಿಮ್ಮ ಚಿತ್ರದಲ್ಲಿರುವುದು ಹಳೆಯ ಮನೆ. ಸುಮಾರು 1715ರಲ್ಲಿ ರಿಚರ್ಡ್ ಅದರ ಜಾಗದಲ್ಲಿ ಹೊಸ ಅರಮನೆಯನ್ನೇ ಕಟ್ಟಲು ಹೊರಟ. ವಾಸ್ತುಶಿಲ್ಪಿ ಕೋಲೆನ್ ಕ್ಯಾಂಬೆಲ್. ಅದೇ ವರ್ಷ ಹೊರಬಂದ ತನ್ನ 'ವಿಟ್ರೂವಿಯಸ್ ಬ್ರಿಟಾನಿಕಸ್' ಸಂಪುಟದಲ್ಲಿ ಕ್ಯಾಂಬೆಲ್ ಆ ಮನೆಯ ಎರಡು ವಿನ್ಯಾಸ ಅಚ್ಚುಹಾಕಿದ. ಅಲ್ಲಿ ಗಾಡಿಯಿಲ್ಲ, ನಾಯಿಯಿಲ್ಲ, ಮರವೂ ಇಲ್ಲ. ಬರೀ ನಕ್ಷೆ ಮತ್ತು ಸುಮಾರು 260 ಅಡಿ ಉದ್ದದ ಮುಂಭಾಗ. 1725ರ ಮೂರನೇ ಸಂಪುಟದಲ್ಲಿ ಮೂಲೆಗಳಿಗೆ ಗೋಪುರ ಸೇರಿಸಿದ ಮೂರನೆಯ ವಿನ್ಯಾಸ ಬಂತು. ಆ ಗೋಪುರಗಳನ್ನು ಯಾರೂ ಕಟ್ಟಲಿಲ್ಲ. ಇಂಥ ಪುಸ್ತಕ ಹಿಡಿದು 'ಇದು ಇತ್ತು' ಎಂದು ವಾದಿಸುವ ಮುನ್ನ ಈ ಗೋಪುರ ನೆನಪಿರಲಿ. 1735ರಲ್ಲಿ ನಕ್ಷೆಗಾರ ಜಾನ್ ರೋಕ್ ತೋಟದ ಪೂರ್ತಿ ನಕ್ಷೆ ಕೆತ್ತಿದ. ಅಷ್ಟರಲ್ಲಿ ರಿಚರ್ಡನ ಬಿರುದೂ 'ಸರ್'ನಿಂದ ಏರಿತ್ತು: 1718ರಲ್ಲಿ ವೈಕೌಂಟ್, 1731ರಲ್ಲಿ ಅದಕ್ಕೂ ಮೇಲಿನ ಅರ್ಲ್. 1822ರಲ್ಲಿ ಮನೆಯ ವಸ್ತುಗಳನ್ನು 32 ದಿನ ಹರಾಜು ಹಾಕಿದರು, ಮನೆಮಗಳ ಗಂಡನ ಸಾಲ ಅಷ್ಟಿತ್ತು. ಮುಂದಿನ ಎರಡು ಮೂರು ವರ್ಷದಲ್ಲಿ ಮನೆಯನ್ನೇ ಕೆಡವಿ ಕಲ್ಲು ಮಾರಿದರು. ಮನೆ ಇದ್ದ ಜಾಗ ಈಗ ಗಾಲ್ಫ್ ಮೈದಾನ.

'ಹೀಗೇ ಇತ್ತೇ' ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಕಟ್ಟಡದ ಕಿಟಕಿ ಸಾಲು, ಅಂಗಳದ ಗೋಡೆ, ಪಾತಿಗಳ ವಿನ್ಯಾಸ ಇವನ್ನು ಬಹುಮಟ್ಟಿಗೆ ನಂಬಬಹುದು. ದೂರ, ಅಗಲ, ಮರದ ವಯಸ್ಸು ಇವನ್ನು ನಂಬಬಾರದು. ಡರ್ಬಿಶೈರಿನ ಚಾಟ್ಸ್‌ವರ್ತ್ ಒಳ್ಳೆಯ ಪುರಾವೆ. ಅಲ್ಲಿನ ದೊಡ್ಡ ಪಾರ್ಟೆರ್ ಹದಿನೆಂಟನೇ ಶತಮಾನದಲ್ಲೇ ಹುಲ್ಲಿನಡಿ ಹೋಗಿತ್ತು. 2018ರ ಬಿರುಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಹಳೆಯ ಪಾತಿಗಳ ಸುರುಳಿಗಳು ಮೇಲಿನಿಂದ ಸ್ಪಷ್ಟವಾಗಿ ಕಾಣಿಸಿದವು. ಗ್ಲಾಸ್ಟರ್‌ಶೈರಿನ ವೆಸ್ಟ್‌ಬರಿ ಕೋರ್ಟ್‌ನಲ್ಲಿ ಹಾಳುಬಿದ್ದ ನೀರುತೋಟವನ್ನು, ಹಳೆಯ ಮನೆ ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಮತ್ತೆ ಕಟ್ಟುವಾಗ ಕಿಪ್‌ನ ಪ್ರಿಂಟೇ ಆಧಾರವಾಯಿತು.

ಮುಂದೆ ರುಚಿ ಬದಲಾಯಿತು. ನೇರ ಸಾಲು ಕಿತ್ತು, ಇಳಿಜಾರು ಹುಲ್ಲು, ಬಳುಕುವ ಕೆರೆ ಬಂದವು. ಚಿತ್ರಕಾರನೂ ಆಕಾಶದಿಂದ ಇಳಿದು ಕೆರೆದಂಡೆಯಲ್ಲಿ ನಿಂತ. ಕೆತ್ತನೆಗಾರ ವಿಲಿಯಂ ವಾಟ್ಸ್‌ನ 1779–86ರ 84 ತಗಡುಗಳಲ್ಲಿ ಮನೆ ದೂರದಲ್ಲಿದೆ, ಮುಂದೆ ದನವೋ ಜಿಂಕೆಯೋ ಮೇಯುತ್ತಿದೆ. ಇಷ್ಟೊಂದು ನೆಲವನ್ನು ಬೆಳೆ ತೆಗೆಯದೆ ಬರೀ ನೋಟಕ್ಕೆಂದು ಬಿಟ್ಟಿದ್ದೇವೆ ಎಂಬ ಬೇರೆ ಬಗೆಯ ಜಂಬ ಅದು. ಹತ್ತೊಂಬತ್ತನೇ ಶತಮಾನದಲ್ಲಿ ಜೆ. ಪಿ. ನೀಲ್ 700ಕ್ಕೂ ಹೆಚ್ಚು ಮನೆಗಳ ಪುಟ್ಟ ನೋಟ ತಂದ. ಎಫ್. ಓ. ಮಾರಿಸ್ ಎಂಬ ಪಾದ್ರಿಯ ಇಂಥದೇ ಸಂಪುಟಗಳಿಗೆ ಡ್ರಿಫೀಲ್ಡ್ ಊರಿನ ಬೆಂಜಮಿನ್ ಫಾಸೆಟ್ ಮರದಚ್ಚಿನಲ್ಲಿ ಬಣ್ಣದ ಚಿತ್ರ ಒತ್ತಿದ. ಹಳೇ ಬಂಗಲೆ, ಕ್ಲಬ್ಬುಗಳಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಣ್ಣದ ಇಂಗ್ಲಿಷ್ ಮನೆ ಕಂಡರೆ ಬಹುಪಾಲು ಅದು ಈ ಸಂಪುಟಗಳಿಂದ ಕಿತ್ತ ಹಾಳೆ.

ಈಗ ಅಸಲಿ, ನಕಲಿ. ಚೌಕಟ್ಟಿನಿಂದ ಹೊರತೆಗೆದು, ಕೈ ತೊಳೆದು ಒರೆಸಿಕೊಂಡು, ಹಗಲಿನಲ್ಲಿ ನೋಡಿ. 10 ಪಟ್ಟು ಹಿಗ್ಗಿಸುವ ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಸಾಕು. ಹುಲ್ಲು, ಆಕಾಶದ ಜಾಗದಲ್ಲಿ ಕ್ರಮಬದ್ಧ ಚುಕ್ಕಿಗಳು ಕಂಡರೆ ಅದು ಆಫ್‌ಸೆಟ್ ಎಂಬ ಈಚಿನ ಯಂತ್ರದಚ್ಚಿನ ನಕಲು, ಮುಂದೆ ನೋಡುವ ಕೆಲಸವಿಲ್ಲ. ತಾಮ್ರದ ಅಚ್ಚಿನಲ್ಲಿ ಗೆರೆ ಮುರಿಯದೆ ಹರಿಯುತ್ತದೆ, ಕೆತ್ತುಳಿ ಹೋದ ಕಡೆ ತುದಿ ಸೂಜಿಯಂತೆ ಚೂಪಾಗುತ್ತದೆ, ಶಾಯಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಆ ಉಬ್ಬು ಕಾಣುತ್ತದೆ. ಒದ್ದೆ ಕಾಗದವನ್ನು ತಗಡಿನ ಮೇಲಿಟ್ಟು ಉರುಳೆಯಲ್ಲಿ ಒತ್ತುವುದರಿಂದ ತಗಡಿನ ಅಂಚು ಚಿತ್ರದ ಸುತ್ತ ತಗ್ಗಾಗಿ ಮೂಡುತ್ತದೆ. ಕಿಪ್‌ನ ದೊಡ್ಡ ತಗಡುಗಳಲ್ಲಿ ಈ ಗುರುತು ಸುಮಾರು 35 × 48 ಸೆಂ.ಮೀ. ಈ ತಗ್ಗನ್ನು ನಕಲಿನಲ್ಲೂ ಒತ್ತಬಹುದು, ಆದ್ದರಿಂದ ಅದೊಂದನ್ನೇ ನೆಚ್ಚಬೇಡಿ.

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುಮಾರು 2.5 ಸೆಂ.ಮೀ.ಗೊಂದು ತೆಳು ಗೆರೆ, ಅದಕ್ಕೆ ಅಡ್ಡಲಾಗಿ ಒತ್ತೊತ್ತಾದ ಸಣ್ಣ ಗೆರೆಗಳು ಕಂಡರೆ ಅದು ತಂತಿ ಜಾಲರಿಯಲ್ಲಿ ಎತ್ತಿದ ಹಳೆಯ ಬಗೆಯ ಕಾಗದ. ನುಣುಪಾದ ಜಾಲರಿಯ ಕಾಗದ ಬಂದದ್ದು 1750ರ ದಶಕದಲ್ಲಿ, ಎಲ್ಲೆಡೆ ಬಳಕೆಗೆ ಬಂದದ್ದು 1800ರ ಆಸುಪಾಸು. ಗೆರೆಯೇ ಇಲ್ಲದ ಕಾಗದವಾದರೆ ನಿಮ್ಮದು ಕಿಪ್‌ನ ಕಾಲದ ಒತ್ತು ಅಲ್ಲ. ನಡುವಿನ ಮಡಿಕೆ ಒಳ್ಳೆಯ ಲಕ್ಷಣ. ಇವು ಪುಸ್ತಕದಲ್ಲಿ ಜೋಡಿಪುಟವಾಗಿ ಹೊಲಿದಿದ್ದ ಹಾಳೆಗಳು, ಹಿಂಬದಿಯಲ್ಲಿ ಆ ಮಡಿಕೆಯುದ್ದಕ್ಕೂ ಅಂಟಿಸಿದ ಪಟ್ಟಿಯ ಕುರುಹು ಇರಬೇಕು.

ಅಡಿಬರಹದಲ್ಲಿ 'ಸರ್' ಮಾತ್ರ ಇದ್ದು ವೈಕೌಂಟ್ ಇಲ್ಲದಿದ್ದರೆ ಅಕ್ಷರ ಕೆತ್ತಿದ್ದು 1718ಕ್ಕೆ ಮುಂಚೆ ಎಂದಾಯಿತು. ಆದರೆ ಒತ್ತಿದ ಕಾಲ ಬೇರೆ ಇರಬಹುದು. ತಗಡು ದಶಕಗಟ್ಟಲೆ ಕೈಬದಲಾಗಿ ಮತ್ತೆ ಮತ್ತೆ ಒತ್ತಿಗೆ ಹೋಗುತ್ತಿತ್ತು. ಕಿಪ್ 1712ರ ಗ್ಲಾಸ್ಟರ್‌ಶೈರ್ ಪುಸ್ತಕಕ್ಕೆ ಕೆತ್ತಿದ ತಗಡುಗಳೇ 1768ರ ಎರಡನೇ ಆವೃತ್ತಿಗೂ ಬಂದವು. ತಾಮ್ರ ಮೆದು ಲೋಹ. ಪ್ರತಿ ಒತ್ತಿಗೂ ಶಾಯಿ ಒರೆಸುವ ಬಟ್ಟೆ, ಉರುಳೆಯ ಭಾರ ಎರಡೂ ಅದನ್ನು ಸವೆಸುತ್ತವೆ. ಮೊದಲು ಮಾಯವಾಗುವುದು ಆಕಾಶದ ಎಳೆ, ದೂರದ ಗುಡ್ಡ, ನೀರಿನ ನೆರಳು. ಅವು ಗರಿಗರಿಯಾಗಿದ್ದರೆ ಮುಂಚಿನ ಒತ್ತು, ಬೂದು ಮಬ್ಬಾಗಿದ್ದರೆ ತಡವಾದದ್ದು.

ಬಣ್ಣದ ಬಗ್ಗೆ ಹೇಳಿದರೆ ನಿಮಗೆ ಬೇಸರವಾದೀತು. ಈ ತಗಡುಗಳ ಬಹುಪಾಲು ಪ್ರತಿಗಳು ಮಾರಾಟವಾದದ್ದು ಕಪ್ಪುಬಿಳುಪಿನಲ್ಲೇ. ಪುಸ್ತಕ ಬಿಚ್ಚಿ ಹಾಳೆ ಮಾರುವ ಅಂಗಡಿಗಳು ಗೋಡೆಗೆ ಚೆಂದ ಕಾಣಲೆಂದು ಆಮೇಲೆ ಬಣ್ಣ ತುಂಬಿಸಿದ್ದೇ ಹೆಚ್ಚು. ಮಡಿಕೆಯ ಬಿರುಕಿನೊಳಕ್ಕೆ ಬಣ್ಣ ಇಳಿದಿದ್ದರೆ, ಬಿರುಕು ಬಂದ ನಂತರ ಹಚ್ಚಿದ್ದು. ಹಳೆಯ ತಾಮ್ರದ ಹಸಿರು ಕಾಗದವನ್ನು ಸುಡುತ್ತದೆ, ಹಿಂಬದಿಯಲ್ಲಿ ಹುಲ್ಲಿನ ಆಕಾರಕ್ಕೇ ಕಂದು ಕಲೆ ಬಿಡುತ್ತದೆ. ಅದು ಕಂಡರೆ ಬಣ್ಣವೂ ಹಳೆಯದೇ. ಹಿಂಬದಿ ಬೆಳ್ಳಗಿದ್ದ ಮಾತ್ರಕ್ಕೆ ಹೊಸದೆಂದು ಹೇಳಲಾಗದು, ಬೇರೆ ಹಸಿರುಗಳೂ ಇದ್ದವು.

ಮಲೆನಾಡಿನ ಮಳೆಗಾಲವೇ ಇದರ ದೊಡ್ಡ ಶತ್ರು. ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಯಲ್ಲೂ ಚೌಕಟ್ಟಿನ ಕೆಳಮೂಲೆಗಳಿಗೆ ಅರ್ಧ ಇಂಚಿನ ಬೆಂಡಿನ (ಕಾರ್ಕ್) ತುಂಡು ಅಂಟಿಸಿ ಹಿಂದೆ ಗಾಳಿಯಾಡಲು ಬಿಡಿ. ಕೋಣೆಯ ಗಾಳಿಯ ತೇವ ಶೇಕಡಾ 50ರ ಸುತ್ತ ಇದ್ದರೆ ಒಳ್ಳೆಯದು, 65 ದಾಟಿದರೆ ಬೂಷ್ಟು ಶುರು. ಕಾಗದ ಗಾಜಿಗೆ ತಾಗಬಾರದು, ನಡುವೆ ಹತ್ತಿಯ ಆಮ್ಲರಹಿತ ಮೌಂಟ್ ಬೋರ್ಡ್ ಇರಬೇಕು. ಹಳೆಯ ಚೌಕಟ್ಟುಗಳ ಹಿಂದೆ ಹಲಗೆ ಇರುತ್ತದೆ, ಅದರ ಆಮ್ಲ ಕಾಗದಕ್ಕೆ ಇಳಿದು ಮರದ ಗಂಟಿನ ಆಕಾರವೇ ಕಂದಾಗಿ ಮೂಡುತ್ತದೆ. ಫೆವಿಕಾಲ್, ಸೆಲ್ಲೊಟೇಪ್ ಎರಡೂ ಬೇಡ. ಮೇಲಂಚಿನ ಎರಡು ಕಡೆ ಮಾತ್ರ ಜಪಾನಿ ಕಾಗದದ ತುಂಡನ್ನು ಗೋಧಿಗಂಜಿಯಲ್ಲಿ ಅಂಟಿಸಿ ತೂಗಿಬಿಟ್ಟರೆ ಕಾಗದ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಲು ಜಾಗ ಇರುತ್ತದೆ. ನಾಲ್ಕೂ ಅಂಚು ಅಂಟಿಸಿದರೆ ಅಲೆಅಲೆಯಾಗಿ, ಕೊನೆಗೆ ಮಡಿಕೆಯಲ್ಲೇ ಸೀಳುತ್ತದೆ. ಗಂಜಿಗೆ ಬೆಳ್ಳಿಮೀನು ಹುಳ ಬರುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಹಿಂಬದಿ ನೋಡಿ. ಕಲೆ ತೆಗೆಯಲು ನೀರು, ಬ್ಲೀಚು ಮುಟ್ಟಿಸಬೇಡಿ. ಬಣ್ಣ ಕರಗಿ ಹರಡಿದರೆ ಮತ್ತೆ ಸೇರಿಸಲಾಗದು. ಅಷ್ಟು ಕೆಟ್ಟಿದ್ದರೆ ಕಾಗದ ಸಂರಕ್ಷಣೆ ಕಲಿತವರ ಕೈಗೇ ಕೊಡಿ.

ಚೌಕಟ್ಟು ಬಿಚ್ಚುವ ಮೊದಲು ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಚೌಕಟ್ಟು ಹಾಕಿದವರ ಚೀಟಿ, ಅಂಗಡಿಯ ವಿಳಾಸ, ಪೆನ್ಸಿಲಿನಲ್ಲಿ ಬರೆದ ಬೆಲೆ, ಮೊಳೆಯ ಬಗೆ ಇವುಗಳಿಂದ ಆ ಹಾಳೆ ನಿಮ್ಮ ಬಂಗಲೆಗೆ ಯಾವ ಕಾಲಕ್ಕೆ, ಲಂಡನ್ನಿನಿಂದ ಬಂತೋ ಬೆಂಗಳೂರಿನಿಂದಲೋ ಎಂಬುದು ತಿಳಿದೀತು. ಹೊಸ ಚೌಕಟ್ಟು ಹಾಕುವವರು ಮೊದಲು ಕಸದ ಬುಟ್ಟಿಗೆ ಎಸೆಯುವುದು ಆ ಹಿಂಬದಿಯ ಹಲಗೆಯನ್ನೇ.